ದನದ ವ್ಯಾಗನ್ನಿನ ಪೊರ್ಬುಗಳು

ಭೂಪಟ ಮುಂದಿಟ್ಟು ಐರ್ಲೆಂಡ್ ಎಲ್ಲಿದೆ ತೋರಿಸಿ ಎಂದರೆ ನಮ್ಮ ಪೊರ್ಬುಗಳ ಬೆರಳು ಸೀದಾ ಹೋಗಿ ಆಸ್ಟ್ರೇಲಿಯಾದ ಪಕ್ಕದಲ್ಲಿ ನಿಲ್ಲುತ್ತಿತ್ತು. ನಾನು ನಕ್ಕರೆ, “ಎಲ್ಲಿಯೋ ಒಂದು ಕಡೆ ಉಂಟಲ್ಲ, ನನಗೆಂತ ಅಲ್ಲಿಗೆ ಹೋಗ್ಲಿಕ್ಕುಂಟಾ?” ಎನ್ನುತ್ತಿದ್ದರು. ಅದೇ ಐರ್ಲೆಂಡಿನ ದನದ ವ್ಯಾಗನ್ನಿಗೆ ಒಂದು ಪಕ್ಕಕ್ಕೆ ಎಷ್ಟು ಹಲಗೆ, ಯಾವ ಹಲಗೆಗಳ ನಡುವೆ ಗಾಳಿಗೆ ಸಂದು ಬಿಟ್ಟಿದ್ದಾರೆ, ಬಾಗಿಲಿನ ತಿರುಗಣಿ ಒಳಗಿದೆಯೋ ಹೊರಗಿದೆಯೋ ಎಂದು ಕೇಳಿ ನೋಡಿ, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಆ ದೇಶವನ್ನಾಗಲಿ ಆ ವ್ಯಾಗನ್ನನ್ನಾಗಲಿ ಅವರು ಜನ್ಮದಲ್ಲಿ ಕಂಡವರಲ್ಲ. ಆ ವ್ಯಾಗನ್ನುಗಳು ಓಡುವುದನ್ನು ನಿಲ್ಲಿಸಿ, ಗುಜರಿಗೆ ಹೋಗಿ, ಕರಗಿ ಎಷ್ಟೋ ವರ್ಷಗಳಾಗಿದ್ದವು.

ಕಳೆದ ತಿಂಗಳು ಅವರ ಹೆಂಡತಿ ಮೈಸೂರಿನ ನಮ್ಮ ಮನೆಗೆ ಫೋನ್ ಮಾಡಿದ್ದರು. “ನಮ್ಮವರು ಹೋದ್ರು. ಊಟ ಮಾಡಿ ಮಲಗಿದವರು ಏಳಲಿಲ್ಲ. ಪಕ್ಕದಲ್ಲೇ ಇದ್ದೆ ನಾನು” ಎಂದರು. ಬಾಯಿ ಜೋರಿನವಳು ಎಂದು ಹೆಸರು ಮಾಡಿದವಳು ನಾನು, ಆ ಹೊತ್ತಿಗೆ ಬರೀ “ಅಯ್ಯೋ, ಅಯ್ಯೋ” ಎಂದಿದ್ದಷ್ಟೇ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರಿಗೊಂದು ಹೆಸರಿತ್ತು. ಸಂತರೊಬ್ಬರ ಹೆಸರು, ಲೇಬರ್ ಕಾರ್ಡಿನಲ್ಲಿ ಮೂರು ತುಂಡಾಗಿ ಅಚ್ಚಾಗಿತ್ತು. ಯಾರೂ ಆ ಹೆಸರು ಹಿಡಿದು ಕರೆದದ್ದು ನಾನು ಕಾಣೆ. ದುಬೈಯ ನಮ್ಮ ವರ್ಕ್‌ಶಾಪಿನ ತುಳು ಮಾತಾಡುವ ಬಡಗಿಗಳೆಲ್ಲ ಅವರನ್ನು ‘ಪೊರ್ಬುಗಳು’ ಎನ್ನುತ್ತಿದ್ದರು. ಕರಾವಳಿಯಲ್ಲಿ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗಂತೆ, ಹೆಂಗಸರಿಗೆ ‘ಬಾಯಮ್ಮ’ ಎನ್ನುತ್ತಾರಂತೆ. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ನನಗೆ ಇದೊಂದೂ ಗೊತ್ತಿರಲಿಲ್ಲ. ಅವರ ಮನೆತನದ ಹೆಸರೇ ಪೊರ್ಬು ಎಂದುಕೊಂಡು ಆರು ತಿಂಗಳು ಕಾಲ ಫೈಲುಗಳ ಮೇಲೆ ‘ಮಿಸ್ಟರ್ ಪೊರ್ಬು’ ಎಂದು ಬರೆದೆ. ಅವರು ತಿದ್ದಲೂ ಇಲ್ಲ. ಇನ್ಯಾರೋ ನಕ್ಕಾಗಲೇ ನನಗೆ ಗೊತ್ತಾದದ್ದು.

ಎರಡು ಸಾವಿರದ ಮೂರು, ನಾಲ್ಕರ ಸುಮಾರಿನ ಮಾತಿದು. ಆಗ ದುಬೈಯಲ್ಲಿ ಒಂದು ಕಟ್ಟಡ ಏಳಬೇಕಾದರೆ ಮೊದಲು ಅದರ ಪುಟ್ಟ ಮಾದರಿ ಗಾಜಿನ ಪೆಟ್ಟಿಗೆಯೊಳಗೆ ಏಳಬೇಕಿತ್ತು. ಅಂಥ ಮಾದರಿಗಳನ್ನು ಮಾಡುವ ಕಂಪನಿ ನಮ್ಮದು, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ತಗಡಿನ ಶೆಡ್ಡಿನಲ್ಲಿ. ನಾನು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವಳು. ನಾನು ಬರೆದದ್ದನ್ನು ಲೇಸರ್ ಯಂತ್ರ ಕತ್ತರಿಸುತ್ತಿತ್ತು, ಕತ್ತರಿಸಿದ್ದನ್ನು ಪೊರ್ಬುಗಳು ಮತ್ತು ಅವರ ಕೈಕೆಳಗಿನವರು ಜೋಡಿಸುತ್ತಿದ್ದರು. ಸೇರಿದ ಮೊದಲ ವಾರವೇ ನಮ್ಮಿಬ್ಬರಿಗೆ ಜಗಳ ಹತ್ತಿತು. ನಾನು ಕತ್ತರಿಸಿ ಕಳಿಸಿದ ಬಾಲ್ಕನಿಗಳ ಅಂಚಿಗೆ ಒಂದೊಂದಾಗಿ ಉಗುರು ಎಳೆದು ನೋಡಿ, ಪೊರ್ಬುಗಳು ಮೂರನ್ನು ತೆಗೆದು ಕಸದ ಬುಟ್ಟಿಗೆ ಹಾಕಿದರು.

“ಮಿಷಿನ್ ಕಟ್ ಮಾಡಿದ್ದು, ತಪ್ಪಾಗೋಕೆ ಸಾಧ್ಯವೇ ಇಲ್ಲ” ಅಂದೆ.

“ಕಣ್ಣು ಸುಳ್ಳು ಹೇಳ್ತದೆ ಮೇಡಂ, ಉಗುರು ಹೇಳುವುದಿಲ್ಲ.”

ಅಳತೆ ಸಲಕರಣೆ ತಂದು ಹಿಡಿದೆ. ಬಿಸಿಗೆ ಅಂಚು ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಮೂರನೇ ದಿನ ಅವರಾಗಿಯೇ ಬಂದು, “ಎಂತ ಮಾರಾಯ್ತಿ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಕೊಂಡ್ರೆ ಸೀನುವುದು ಹೇಗೆ?” ಎಂದರು. ನಕ್ಕುಬಿಟ್ಟೆ. ಅಲ್ಲಿಂದ ಮುಂದೆ ಮೂರು ವರ್ಷ ಅವರು ಕೊಟ್ಟ ಅಳತೆಯನ್ನು ಒಂದು ಸಲವೂ ಮರುಪರೀಕ್ಷೆ ಮಾಡಲಿಲ್ಲ. ಅವರು ಒಂದು ಸಲವೂ ತಪ್ಪಿದವರಲ್ಲ.

ಆಳು ಕುಳ್ಳಗೆ, ತೆಳ್ಳಗೆ. ಬಿಳಿ ಮೀಸೆ. ಕಿವಿಯ ಮೇಲೊಂದು ಪೆನ್ಸಿಲ್, ಎದೆಜೇಬಿನಲ್ಲಿ ಹಳೆಯ ಶೇವಿಂಗ್ ಬ್ರಷ್. ಮರದ ಪುಡಿಯನ್ನು ಅವರು ಬಾಯಿಂದ ಊದುತ್ತಿರಲಿಲ್ಲ, ಉಗುಳು ತಾಗಿದರೆ ಅಂಟು ಹಿಡಿಯುವುದಿಲ್ಲವಂತೆ, ಅದೇ ಬ್ರಷ್ಷಿನಿಂದ ಮೆತ್ತಗೆ ಗುಡಿಸುವುದು. ಎಣಿಸುವುದು ಕೊಂಕಣಿಯಲ್ಲಿ, ಬೈಯುವುದು ತುಳುವಿನಲ್ಲಿ, ಪಠಾಣ್ ಡ್ರೈವರನ ಹತ್ತಿರ ಹಿಂದಿ, ನನ್ನ ಹತ್ತಿರ ಕನ್ನಡ. ಇಂಗ್ಲಿಷಿನಲ್ಲಿ ಅವರಿಗೆ ಬೇಕಾದ ಮಾತು ಎರಡೇ: ಪಾಸಿಬಲ್ ಸರ್, ನಾಟ್ ಪಾಸಿಬಲ್ ಸರ್. ಅಷ್ಟರಲ್ಲೇ ಅವರು ದೊಡ್ಡ ದೊಡ್ಡ ಆರ್ಕಿಟೆಕ್ಟುಗಳನ್ನು ದಾರಿಗೆ ತಂದದ್ದನ್ನು ನಾನೇ ನೋಡಿದ್ದೇನೆ.

ವ್ಯಾಗನ್ನಿನ ಕೆಲಸ ಹಿಡಿದು ಐರಿಷ್ ಸಾಹೇಬರು ನಮ್ಮಲ್ಲಿಗೆ ಬಂದದ್ದು ಒಂದು ರಂಜಾನ್ ಮುಗಿದ ಮೇಲೆ. ದೊಡ್ಡ ಕನ್ಸಲ್ಟೆಂಟ್ ಕಂಪನಿಯ ಇಂಜಿನಿಯರು, ಅವರ ಕಡೆಯಿಂದ ನಮಗೆ ಟವರುಗಳ ಕೆಲಸ ಬರುತ್ತಿತ್ತು. ಅವತ್ತು ಮಾತ್ರ ಟವರಿನ ನಕ್ಷೆ ತರದೆ ಒಂದು ಹಳೆಯ ಫೈಲು ತಂದಿದ್ದರು. ಅವರ ತಂದೆ ಐರ್ಲೆಂಡಿನ ಒಂದು ಸಣ್ಣ ರೈಲು ಮಾರ್ಗದಲ್ಲಿ ಗೂಡ್ಸ್ ಗಾಡಿಯ ಗಾರ್ಡಾಗಿದ್ದರಂತೆ. ದನದ ಸಂತೆಯ ದಿನ ಆ ಮಾರ್ಗದಲ್ಲಿ ದನಗಳಿಗೆಂದೇ ಒಂದು ರೈಲು ಬಿಡುತ್ತಿದ್ದರಂತೆ. ಮಾರ್ಗ ಮುಚ್ಚಿ, ಹಳಿ ಕಿತ್ತು ಬಹಳ ಕಾಲವಾಗಿತ್ತು. ಆ ವರ್ಷ ತಂದೆಯೂ ತೀರಿಕೊಂಡಿದ್ದರು. ದುಬೈಯ ಮಿರ್ದಿಫ್ ಬಡಾವಣೆಯ ತಮ್ಮ ವಿಲ್ಲಾದ ಒಂದು ಕೋಣೆಯಲ್ಲಿ ಸಾಹೇಬರು ಆ ಊರಿನ ಸ್ಟೇಷನ್ನನ್ನೂ ಹಳಿಯನ್ನೂ ಚಿಕ್ಕದಾಗಿ ಮಾಡಿಟ್ಟಿದ್ದರು. ಅದರ ಮೇಲೆ ಓಡಿಸಲು ವ್ಯಾಗನ್ ಬೇಕಿತ್ತು. ಅಂಗಡಿಯಲ್ಲಿ ಸಿಗುವುದೆಲ್ಲ ಇಂಗ್ಲೆಂಡಿನ ವ್ಯಾಗನ್, ಬಣ್ಣ ಬದಲಿಸಿ ಐರ್ಲೆಂಡಿನದು ಎಂದು ಮಾರುತ್ತಾರೆ, ನನಗದು ಬೇಡ ಎಂದರು. ಒಟ್ಟು ಹನ್ನೆರಡು ವ್ಯಾಗನ್, ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ. ನಮ್ಮ ಮ್ಯಾನೇಜರು, ಅಂದರೆ ಎಲ್ಲರ ಬಾಯಲ್ಲಿ ಮುದೀರ್, ದೊಡ್ಡ ಗಿರಾಕಿಯನ್ನು ಖುಷಿಪಡಿಸಲು ತಕ್ಷಣ ಒಪ್ಪಿಕೊಂಡರು.

ಫೈಲು ತೆರೆದಾಗ ಪೊರ್ಬುಗಳ ಮುಖ ನೋಡಬೇಕಿತ್ತು. ಪ್ರಾಯದಲ್ಲಿ ಅವರು ಮದರಾಸಿನ ರೈಲ್ವೆ ವ್ಯಾಗನ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅದು ನಮಗ್ಯಾರಿಗೂ ಅವತ್ತಿನವರೆಗೆ ಗೊತ್ತಿರಲಿಲ್ಲ. “ನಾನು ನಿಜವಾದದ್ದಕ್ಕೇ ಬೋಲ್ಟ್ ಹಾಕಿದವ!” ಎಂದು ಶೆಡ್ಡಿಗೆಲ್ಲ ಕೇಳುವಂತೆ ಹೇಳಿದರು. ಟವರುಗಳ ಕೆಲಸ ಮುಗಿದ ಮೇಲೆ, ಸಂಜೆ ಕೆಲಸಗಾರರು ಉಳಿಯುವ ಕ್ಯಾಂಪಿನ ಬಸ್ಸು ಬರುವ ತನಕ ಸಿಗುತ್ತಿದ್ದ ಒಂದೂವರೆ ಗಂಟೆ ವ್ಯಾಗನ್ನಿನದು. ಆ ಹೊತ್ತಿನಲ್ಲಿ ಅವರು ಸಿಳ್ಳೆ ಹಾಕುತ್ತಿದ್ದರು. ಅರವತ್ತು ದಾಟಿದ ಮನುಷ್ಯ!

ನಾನು ಮಿಷಿನ್ನಿಗೆ ಕೊಡಲು ವ್ಯಾಗನ್ನಿನ ಪಕ್ಕಗಳನ್ನು ಬರೆದರೆ, ಅವರು ಒಳಗಿನ ನೆಲಕ್ಕೂ ಒಂದೊಂದೇ ಹಲಗೆ ಬೇಕೆಂದು ಪಟ್ಟು ಹಿಡಿದರು.

“ಛಾವಣಿ ಮುಚ್ಚಿದ್ಮೇಲೆ ನೆಲ ಯಾರಿಗೆ ಕಾಣತ್ತೆ ಪೊರ್ಬುಗಳೇ?”

“ದನಕ್ಕೆ ಕಾಣ್ತದೆ.”

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಐರಿಷ್ ಸಾಹೇಬರು ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಅಲ್ಲಿಂದ ಅವರಿಬ್ಬರಿಗೂ ಗಳಸ್ಯ ಕಂಠಸ್ಯ. ಸಾಹೇಬರು ಪ್ರತಿ ಸೋಮವಾರ ಬಂದು ಸ್ಟೂಲಿನ ಮೇಲೆ ಕೂರುವುದು, ಕಥೆ ಹೇಳುವುದು, ನಾನು ನಡುವೆ ದುಭಾಷಿ. ಮೂರು ವ್ಯಾಗನ್ನುಗಳಿಗೆ ಛಾವಣಿಯ ನಡುಭಾಗ ಇರಲಿಲ್ಲ, ಅಲ್ಲಿಗೆ ಟಾರ್ಪಾಲು ಹೊದಿಸುವುದು. ಸಂತೆಯ ದಿನ ದನ, ಉಳಿದ ದಿನ ಟಾರ್ಪಾಲು ಎಳೆದು ಹಿಟ್ಟಿನ ಮೂಟೆ. ಪೊರ್ಬುಗಳಿಗೆ ಅದು ಬಹಳ ಹಿಡಿಸಿತು. “ಬುದ್ಧಿ ಉಂಟು ಆ ಜನಕ್ಕೆ” ಎಂದರು. ಇನ್ನೊಂದು ತೆರೆದ ವ್ಯಾಗನ್ನಿನಲ್ಲಿ ಒಲೆಗೆ ಹಾಕಲು ಜೌಗಿನಿಂದ ಕಡಿದು ಒಣಗಿಸಿದ ಮಣ್ಣು ತುಂಬಿರಬೇಕು ಎಂದಾಗ ಮಾತ್ರ ಅವರಿಗೆ ನಂಬಿಕೆ ಬರಲಿಲ್ಲ. “ಮಣ್ಣು ಸುಡುವುದಾ? ಅದೆಂತ ಬಡತನ ದೇವರೇ!” ಎಂದು ಸಾಹೇಬರ ಕಡೆ ಕನಿಕರದಿಂದ ನೋಡಿದರು. ಆಮೇಲೆ ವರ್ಕ್‌ಶಾಪಿನ ಚಹಾದ ಗಸಿಯನ್ನು ಒಣಗಿಸಿ, ಅಂಟಿನಲ್ಲಿ ಕಲಸಿ, ಕಡಲೆಕಾಳಿನಷ್ಟು ಸಣ್ಣ ಇಟ್ಟಿಗೆ ಮಾಡಿ ಆ ವ್ಯಾಗನ್ನಿಗೆ ಪೇರಿಸಿದರು.

ಬೂದು ಬಣ್ಣದ್ದೊಂದು ದೊಡ್ಡ ರಾಮಾಯಣ. ಆ ವ್ಯಾಗನ್ನುಗಳ ಬೂದು ಯಾವ ಡಬ್ಬದಲ್ಲೂ ಸಿಗಲಿಲ್ಲ. ಸಾಹೇಬರು ಏಳು ಸಲ ಬೇಡ ಎಂದರು. ಎಂಟನೆಯ ಸಲ ಪೊರ್ಬುಗಳು ಮುಹೈಸ್ನಾದ ತಮ್ಮ ಕ್ಯಾಂಪಿನ ಪಕ್ಕದ ರೊಟ್ಟಿ ಅಂಗಡಿಯಿಂದ ಒಂದು ಕಾಗದದ ಪೊಟ್ಟಣದಲ್ಲಿ ಬೂದಿ ತಂದು ಬಣ್ಣಕ್ಕೆ ಬೆರೆಸಿದರು. ಸಾಹೇಬರು ಈ ಸಲ ಬೇಡ ಎನ್ನದೆ, ವ್ಯಾಗನ್ನನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ಹೋಗಿ ನಿಂತರು. ರೋಗ ಬರದಿರಲೆಂದು ದನದ ವ್ಯಾಗನ್ನಿನ ಒಳಗೆ ಸುಣ್ಣ ಹೊಡೆಯುತ್ತಿದ್ದರಂತೆ, ಅದು ಸಂದಿನಿಂದ ಹೊರಗೆ ಇಳಿದು ಬಿಳಿ ಗೆರೆ ಬೀಳುತ್ತಿತ್ತಂತೆ. ಅದಕ್ಕೆ ನಮ್ಮತ್ತೆಯವರ ಎಲೆಯಡಿಕೆ ಡಬ್ಬಿಯ ಸುಣ್ಣವೇ ಆಯಿತು. ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ, “ನನ್ನ ಸುಣ್ಣ ಯಾವ ದೇಶದ ಹಸುಗೋ ಹೋಯ್ತಲ್ಲೇ” ಎಂದು ವಾರವೆಲ್ಲ ಹೇಳಿಕೊಂಡು ನಕ್ಕರು.

ಇಷ್ಟೆಲ್ಲ ಇದ್ದರೂ ಪೊರ್ಬುಗಳ ಜೀವ ಇದ್ದದ್ದು ಶುಕ್ರವಾರದಲ್ಲಿ. ಅವರ ಹೆಂಡತಿ, ಬಾಯಮ್ಮ, ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮಕ್ಕಳಿರಲಿಲ್ಲ. ಇವರಿಗೆ ಮುಹೈಸ್ನಾದಲ್ಲಿ ಆರು ಜನರ ರೂಮು, ಅವರಿಗೆ ಗಂಡಸರು ಕಾಲಿಡುವಂತಿಲ್ಲದ ನರ್ಸುಗಳ ಹಾಸ್ಟೆಲ್ಲು. ಇಪ್ಪತ್ತೆರಡು ವರ್ಷ ಆ ಗಂಡಹೆಂಡಿರು ವಾರಕ್ಕೊಂದು ದಿನದ ಸಂಸಾರ ಮಾಡಿದರು. ಅಲ್ಲಿ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಪೂಜೆಯೂ ಚರ್ಚಿನಲ್ಲಿ ಶುಕ್ರವಾರವೇ. ಬೆಳಗಿನ ಮೊದಲ ಬಸ್ಸು ಹಿಡಿದು ಹೋಗಿ, ಪೂಜೆ ಮುಗಿಸಿ, ಚರ್ಚಿನ ಅಂಗಳದ ಕಲ್ಲುಬೆಂಚಿನ ಮೇಲೆ ಇಬ್ಬರೂ ಡಬ್ಬಿ ಬಿಚ್ಚಿ ಉಣ್ಣುವುದು. ಮಧ್ಯಾಹ್ನ ಬಾಯಮ್ಮನಿಗೆ ಡ್ಯೂಟಿ ಇದ್ದರೆ ಎರಡು ಗಂಟೆಗೆ ಏಳಬೇಕು. ಇಲ್ಲದಿದ್ದರೆ ಸಮುದ್ರದ ದಂಡೆಯಲ್ಲಿ ಸಂಜೆಯವರೆಗೆ ಕೂರಬಹುದು. ನಿಂತು ನಿಂತು ಬಾಯಮ್ಮನ ಹಿಮ್ಮಡಿ ಸೀಳುತ್ತಿತ್ತು. ಗುಡ್ಡದ ಮಾದರಿ ಮಾಡಲು ತರಿಸುತ್ತಿದ್ದ ಬೆಂಡಿನ ಹಾಳೆಯಲ್ಲಿ ಮಿಕ್ಕ ತುಂಡುಗಳಿಂದ ಇವರು ಆಕೆಯ ಡ್ಯೂಟಿಯ ಬಿಳಿ ಷೂಗಳಿಗೆ ತಿಂಗಳಿಗೊಂದು ಜೊತೆ ಮೆತ್ತೆ ಕತ್ತರಿಸಿ ಒಯ್ಯುತ್ತಿದ್ದರು. ಪಾದದ ಅಳತೆ ಬರೆದಿಟ್ಟುಕೊಂಡದ್ದನ್ನು ನಾನು ನೋಡಿಲ್ಲ. ಕೈಗೇ ಗೊತ್ತಿತ್ತು.

ಬಾಯಮ್ಮನ ನಿವೃತ್ತಿಗೆ ಇನ್ನು ಎರಡು ವರ್ಷ ಇತ್ತು. ಆಮೇಲೆ ಇಬ್ಬರೂ ಒಟ್ಟಿಗೆ ಊರಿಗೆ ಹೋಗುವುದು ಎಂಬುದು ಅವರ ಲೆಕ್ಕಾಚಾರ. ತೊಡಕು ಇದ್ದದ್ದು ಇವರ ಕಡೆ. ಅರವತ್ತು ದಾಟಿದವರ ವೀಸಾ ವರ್ಷವರ್ಷವೂ ಹೊಸದಾಗಬೇಕು, ಅದಕ್ಕೆ ಮುದೀರ್ ‘ಈತ ನಮಗೆ ಬೇಕೇಬೇಕು’ ಎಂದು ಪತ್ರ ಬರೆದು ಸಹಿ ಹಾಕಬೇಕು. ಒಂದು ಸಲ ಹಾಕಿದ್ದರು. ಎರಡನೆಯ ಪತ್ರ ಆ ಬೇಸಿಗೆಯಲ್ಲಿ ಮೇಜಿನ ಮೇಲೆ ಕಾಯುತ್ತಿತ್ತು. “ಇನ್ನು ಎರಡು ಸಹಿ ಮೇಡಂ, ಎರಡೇ. ಆಮೇಲೆ ನಾನು, ಅವಳು, ಮನೆ. ಖಲಾಸ್” ಎಂದು ಪೊರ್ಬುಗಳು ಎರಡು ಬೆರಳು ಎತ್ತಿ ತೋರಿಸುತ್ತಿದ್ದರು. ಆ ಸಹಿ ಬೀಳದಿದ್ದರೆ ಶುಕ್ರವಾರ ಇಲ್ಲ, ಅಷ್ಟೇ.

ಹನ್ನೆರಡು ವ್ಯಾಗನ್ನುಗಳ ಮೈಯೆಲ್ಲ ಮುಗಿದು ಗಾಲಿಯ ಕೆಲಸ ಉಳಿದಿತ್ತು. ಗಾಲಿಗಳು ಇಂಗ್ಲೆಂಡಿನಿಂದ ಬಿಡಿಬಿಡಿಯಾಗಿ ಪೊಟ್ಟಣದಲ್ಲಿ ಬಂದಿದ್ದವು. ಅಚ್ಚು ಕತ್ತರಿಸಿ, ಎಷ್ಟು ದೂರಕ್ಕೆ ಗಾಲಿ ಕೂರಬೇಕೋ ಅಷ್ಟಕ್ಕೆ ಕೂರಿಸಿ, ಬಿಡದ ಅಂಟು ಹಾಕಿ, ಅಡಿಯ ಚೌಕಟ್ಟು ಮತ್ತು ಬ್ರೇಕುಗಳನ್ನು ಅದಕ್ಕೆ ಹೊಂದಿಸುವುದು ನಮ್ಮ ಪಾಲು. ಒಂದು ಸಂಜೆ ಕಂಪ್ಯೂಟರಿನ ಮುಂದೆ ಕೂತು ಕೇಳಿದೆ.

“ಪೊರ್ಬುಗಳೇ, ಹಳಿಯ ಅಗಲ ಎಷ್ಟು ಹಾಕ್ಲಿ?”

ಅವರು ಸಾಣೆ ಹಿಡಿಯುತ್ತಿದ್ದವರು ತಲೆ ಎತ್ತಲಿಲ್ಲ. “ಐದು ಅಡಿ ಆರು ಇಂಚು.”

“ಫೈಲಲ್ಲಿ ನೋಡ್ಬೇಕಾ?”

“ರೈಲ್ವೆ ಅಂದ್ರೆ ಐದು-ಆರು ಮಾರಾಯ್ತಿ. ಮೀಟರ್‌ಗೇಜು ಸಣ್ಣದು, ಇದು ದೊಡ್ಡದು. ಅದು ಕೂಡ ನನಗೆ ಪುಸ್ತಕ ನೋಡಿ ಹೇಳ್ಬೇಕಾ?”

ನಾನು ಹಾಕಿದೆ. ಹನ್ನೆರಡು ಚೌಕಟ್ಟೂ ಕತ್ತರಿಸಿದೆ. ಅವರು ಹನ್ನೆರಡನ್ನೂ ಅಂಟಿಸಿದರು.

ಐರ್ಲೆಂಡಿನ ಹಳಿ ಐದು ಅಡಿ ಮೂರು ಇಂಚು. ನಮ್ಮ ದೇಶದ ದೊಡ್ಡ ಹಳಿಗಿಂತ ಮೂರು ಇಂಚು ಕಮ್ಮಿ. ಆ ಪುಟ್ಟ ಅಳತೆಗೆ ಇಳಿಸಿದರೆ ಅದು ಸರಿಯಾಗಿ ಒಂದು ಮಿಲಿಮೀಟರ್. ಪ್ರಪಂಚದಲ್ಲಿ ಮಾದರಿ ಮಾಡುವ ಇನ್ಯಾವನೂ ಈ ತಪ್ಪು ಮಾಡುತ್ತಿರಲಿಲ್ಲ, ಅವನು ಫೈಲು ನೋಡಿರುತ್ತಿದ್ದ. ಮದರಾಸಿನಲ್ಲಿ ಎಂಟು ವರ್ಷ ಐದು-ಆರರ ಹಳಿಯ ಮೇಲೆ ನಿಂತ ನಿಜವಾದ ವ್ಯಾಗನ್ನುಗಳಿಗೆ ಬೋಲ್ಟ್ ಹಾಕಿದವರಿಗೆ ಅದನ್ನು ನೋಡಬೇಕೆಂದೇ ಅನ್ನಿಸಲಿಲ್ಲ. ಫೈಲಿನ ಎರಡನೆಯ ಹಾಳೆಯಲ್ಲೇ ಬರೆದಿತ್ತು.

ಗೊತ್ತಾದದ್ದು ಒಪ್ಪಿಸುವ ದಿನ. ಸಾಹೇಬರು ತಮ್ಮ ಹಳಿಯ ಒಂದು ಮೊಳದ ತುಂಡನ್ನು ಜೊತೆಗೆ ತಂದಿದ್ದರು. ಮುದೀರ್ ಫೋಟೋ ತೆಗೆಸಲು ಕೋಟು ಹಾಕಿಕೊಂಡು ಬಂದಿದ್ದರು. ಪೊರ್ಬುಗಳು ಮೊದಲ ವ್ಯಾಗನ್ ಎತ್ತಿ ಹಳಿಯ ಮೇಲಿಟ್ಟರು. ಕೂರಲಿಲ್ಲ. ಒಂದು ಪಕ್ಕದ ಗಾಲಿ ಹಳಿಯ ಮೇಲೆ ಹತ್ತಿ ನಿಂತಿತು. ಇನ್ನೊಂದನ್ನಿಟ್ಟರು. ಮತ್ತೊಂದು. ಸಾಹೇಬರು ಮೆಲ್ಲಗೆ, “ನಮ್ಮಲ್ಲಿ ಐದು-ಮೂರು, ಗೆಳೆಯಾ. ಐದು-ಆರು ನಿಮ್ಮ ಇಂಡಿಯಾದ್ದು” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಮುಖ ಮಾತ್ರ ಬಾಡಿತ್ತು. ಮುದೀರ್ ನಕ್ಷೆ ಎಳೆದುಕೊಂಡು, “ಹೂ ಗೇವ್ ದಿಸ್?” ಎಂದರು. ನಕ್ಷೆಯ ಮೂಲೆಯಲ್ಲಿ ನನ್ನ ಇನಿಷಿಯಲ್ ಇತ್ತು.

ನನಗೆ ಕಂಡದ್ದು ಮುದೀರರ ಮೇಜಿನ ಮೇಲಿನ ಆ ಪತ್ರ ಒಂದೇ. “ನಾನೇ ಸರ್. ಫೈಲ್ ನೋಡಲಿಲ್ಲ, ನನ್ನದೇ ತಪ್ಪು” ಎಂದುಬಿಟ್ಟೆ. ನನಗೇನು ಹೋಗುತ್ತಿತ್ತು? ನನ್ನ ವೀಸಾ ಗಂಡನ ಮೇಲಿತ್ತು. ಹೆಚ್ಚೆಂದರೆ ಎರಡು ಬೈಗುಳ.

“ನೋ ಸರ್” ಎಂದರು ಪೊರ್ಬುಗಳು. “ಮೇಡಂ ಆಸ್ಕ್. ಐ ಟೋಲ್ಡ್. ಮೈ ಮಿಸ್ಟೇಕ್.” ಪಾಸಿಬಲ್, ನಾಟ್ ಪಾಸಿಬಲ್ ಬಿಟ್ಟು ಬೇರೆ ಇಂಗ್ಲಿಷ್ ಅವರ ಬಾಯಲ್ಲಿ ನಾನು ಕೇಳಿದ್ದು ಅವತ್ತೇ ಮೊದಲು. ನಾನು ಮತ್ತೆ ಬಾಯಿ ತೆರೆದೆ. ಕನ್ನಡದಲ್ಲಿ ಗದರಿಸಿದರು: “ಸುಮ್ಮನೆ ಇರಿ! ಮಂಡೆ ಸಮ ಉಂಟಾ ನಿಮಗೆ?”

ಎಲ್ಲರೂ ಹೋದ ಮೇಲೆ ನಾನು ಅವರ ಮೇಲೆ ಹರಿಹಾಯ್ದೆ. ಅಷ್ಟು ಕೋಪ ನನಗೆ ನನ್ನ ಗಂಡನ ಮೇಲೂ ಬಂದದ್ದಿಲ್ಲ. “ನಿಮಗೇನು ತಲೆ ಕೆಟ್ಟಿದ್ಯಾ? ಆ ಲೆಟರ್ ಅವರ ಟೇಬಲ್ ಮೇಲಿದೆ ಅಂತ ಗೊತ್ತಿಲ್ವಾ? ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತಲ್ಲ. ಬಾಯಮ್ಮನಿಗೆ ಏನಂತ ಹೇಳ್ತೀರಿ?”

ಅವರು ವ್ಯಾಗನ್ನುಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು.

“ಇಪ್ಪತ್ತೆರಡು ವರ್ಷ ಟವರ್ ಮಾಡಿದೆ, ಮಾಲ್ ಮಾಡಿದೆ, ಮಸೀದಿ ಮಾಡಿದೆ. ಎಲ್ಲಾದ್ರ ಮೇಲೂ ಕಂಪನಿ ಹೆಸರು. ಇರ್ಲಿ, ಬೇಜಾರಿಲ್ಲ. ಇದೊಂದು ತಪ್ಪು ಮಾತ್ರ ಪೂರಾ ನನ್ನದು. ಅದನ್ನೂ ನಿಮ್ಮ ಹೆಸರಿಗೆ ಹಾಕುವುದಾ? ಶುಕ್ರವಾರ ಪಾದ್ರಿಗಳ ಹತ್ರ ಹೋಗಿ ಎಂತ ಹೇಳ್ಲಿ, ಪಾಪ ಮಾಡಿದ್ದು ನಾನು, ಒಪ್ಪಿಕೊಂಡದ್ದು ಮೇಡಂ ಅಂತವಾ?”

ಅಳುವ ಹಾಗಾಗಿದ್ದರೂ ನಗು ಬಂತು. ಆ ಮನುಷ್ಯನ ಹತ್ತಿರ ಜಗಳ ಆಡುವುದೇ ಕಷ್ಟ.

“ಹೋಗ್ಲಿ, ಗಾಲಿನ ಅರ್ಧರ್ಧ ಮಿಲಿಮೀಟರ್ ಒಳಗೆ ತಳ್ಳಿದ್ರೆ ಆಗಲ್ವಾ?”

“ಅಂಟು ಬಿಡುವುದಿಲ್ಲ. ಬಿಟ್ಟರೂ ಬ್ರೇಕು ಗಾಲಿಗೆ ತಾಗುವುದಿಲ್ಲ, ಗಾಳಿಗೆ ತಾಗ್ತದೆ. ಅಡಿ ಪೂರಾ ಹೊಸದು ಮಾಡ್ಬೇಕು.”

ಪತ್ರಕ್ಕೆ ಸಹಿ ಬೀಳಲಿಲ್ಲ. ‘ಕಣ್ಣು ಹೋಗಿದೆ, ವಯಸ್ಸಾಗಿದೆ, ದೊಡ್ಡ ಗಿರಾಕಿಯ ಮುಂದೆ ಮಾನ ಹೋಯಿತು’ ಎಂದರು ಮುದೀರ್. ಅವರು ಕೆಟ್ಟವರೇನಲ್ಲ, ಅವರಿಗೂ ಮೇಲೊಬ್ಬರಿದ್ದರು. ಐರಿಷ್ ಸಾಹೇಬರು ಖುದ್ದಾಗಿ ಬಂದು ಕೇಳಿಕೊಂಡರು. ನಾನು ಬಾಗಿಲ ಹೊರಗೇ ನಿಂತು ಕೇಳುತ್ತಿದ್ದೆ. ವೀಸಾ ರದ್ದಿನ ಕಾಗದ ಲೇಬರ್ ಆಫೀಸಿಗೆ ಹೋಗಿಯಾಗಿದೆ, ಖಲಾಸ್ ಎಂದರು ಮುದೀರ್. ಸಾಹೇಬರು ಹೊರಗೆ ಬಂದು, ಆ ವ್ಯಾಗನ್ನುಗಳನ್ನು ನಾನು ಕೇಳಲೇಬಾರದಿತ್ತು ಎಂದರು ನನಗೆ. ದೇಶ ಬಿಡಲು ಪೊರ್ಬುಗಳಿಗೆ ಒಂದು ತಿಂಗಳು ಸಿಕ್ಕಿತು.

ಆ ತಿಂಗಳಲ್ಲಿ ಅವರು ಹನ್ನೆರಡು ಚೌಕಟ್ಟನ್ನೂ ಕೈಯಲ್ಲೇ ಹೊಸದಾಗಿ ಮಾಡಿದರು. ನಾನು ಮಿಷಿನ್ನಿನಲ್ಲಿ ಒಂದು ಗಂಟೆಯಲ್ಲಿ ಕತ್ತರಿಸಿಕೊಡುತ್ತೇನೆ ಎಂದರೂ ಕೇಳಲಿಲ್ಲ. ಫೈಲಿನ ಎರಡನೆಯ ಹಾಳೆಯನ್ನು ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದರು. ಸಿಳ್ಳೆ ಮಾತ್ರ ಇರಲಿಲ್ಲ. ಮುಗಿದ ದಿನ ಸಾಹೇಬರು ಅವರನ್ನು ಮಿರ್ದಿಫ್‌ಗೆ ಕರೆದುಕೊಂಡು ಹೋದರು, ಜೊತೆಗೆ ನಾನೂ. ಹನ್ನೆರಡು ವ್ಯಾಗನ್ನೂ ಒಂದರ ಹಿಂದೊಂದು ಸ್ಟೇಷನ್ನಿನಿಂದ ಹೊರಟು, ಸೇತುವೆ ದಾಟಿ, ಕೋಣೆ ಸುತ್ತಿ ಬಂದವು. ಒಂದೂ ತಪ್ಪಲಿಲ್ಲ. ಪೊರ್ಬುಗಳು ನೆಲದ ಮೇಲೆ ಮಂಡಿಯೂರಿ, ಗಾಲಿಗಳ ಮಟ್ಟಕ್ಕೆ ಕಣ್ಣಿಟ್ಟು ನೋಡಿದರು. ಸಾಹೇಬರು ಅವರ ಪಕ್ಕದಲ್ಲಿ ತಾವೂ ಮಂಡಿಯೂರಿದರು.

ಬಾಯಮ್ಮನಿಗೆ ಅವರು ಇನ್ನೂ ಹೇಳಿರಲಿಲ್ಲ. ಮೂರು ಶುಕ್ರವಾರ ಹೋಗಿ ಬಂದರು, ಮೂರು ಸಲವೂ ಹೇಳದೆ ಬಂದರು. ನಾಲ್ಕನೆಯದೇ ಕೊನೆಯದು, ಶನಿವಾರ ವಿಮಾನ. ಆ ಶುಕ್ರವಾರ ನಾನು ಮತ್ತು ನನ್ನ ಗಂಡ ನಮ್ಮ ಕಾರಿನಲ್ಲಿ ಅವರನ್ನು ಅಬುಧಾಬಿಗೆ ಕರೆದೊಯ್ದೆವು.

ದಾರಿಯಲ್ಲಿ ಹಿಂದಿನ ಸೀಟಿನಿಂದ, “ನೀವೇ ಹೇಳ್ತೀರಾ ಮೇಡಂ? ನನ್ನಿಂದ ಆಗುವುದಿಲ್ಲ” ಎಂದರು.

“ನಾನ್ಯಾಕೆ ಹೇಳ್ಲಿ? ಮೂರು ಶುಕ್ರವಾರ ಬಾಯಲ್ಲಿ ಏನಿಟ್ಕೊಂಡಿದ್ರಿ?”

“ಅವಳು ಕೊಟ್ಟ ಮೀನು.”

ನನ್ನ ಗಂಡ ಸ್ಟಿಯರಿಂಗ್ ಹಿಡಿದುಕೊಂಡೇ ನಕ್ಕರು. ಪೊರ್ಬುಗಳು ನಗಲಿಲ್ಲ.

ಪೂಜೆ ಮುಗಿದು ಅಂಗಳ ಜನರಿಂದ ತುಂಬಿತ್ತು. ಬಾಯಮ್ಮನನ್ನು ನಾನು ನೋಡಿದ್ದು ಅವತ್ತೇ ಮೊದಲು. ಗಿಡ್ಡಗೆ, ಚುರುಕು, ಮಾತಿಗೆ ಮೊದಲೇ ಕಣ್ಣಲ್ಲಿ ಕೇಳುವವರು. ಗಂಡನ ಮುಖ ನೋಡಿದವರೇ, “ಕಿತೆಂ ಜಾಲೆಂ?” ಎಂದರು, ಏನಾಯ್ತು ಎಂದು. ಇವರು ಬೆಂಚಿನ ಮೇಲೆ ಕೂತು ತಮ್ಮ ಷೂ ನೋಡತೊಡಗಿದರು. ಕೊನೆಗೆ ನಾನೇ ಹೇಳಿದೆ. ಹಳಿ, ಮೂರು ಇಂಚು, ಪತ್ರ, ನಾಳೆಯ ವಿಮಾನ, ಎಲ್ಲ. ಬಾಯಮ್ಮ ನಿಂತೇ ಕೇಳಿದರು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ತಪ್ಪು ಯಾರದ್ದು?”

ಆ ಗಳಿಗೆಯಲ್ಲೂ ನನ್ನದೇ ಎನ್ನೋಣ ಎನ್ನಿಸಿತು. ಗಂಡನ ಮೇಲೆ ಸಿಟ್ಟಾಗದಿರಲಿ ಎಂದು. ಪೊರ್ಬುಗಳು ತಲೆ ಎತ್ತಿ ನನ್ನನ್ನು ನೋಡಿದರು.

“ಅವರದ್ದೇ” ಎಂದೆ.

“ನಿಜವಾ? ಅವರೇ ಮಾಡಿದ್ದಾ? ಬೇರೆಯವರದ್ದು ಅಲ್ಲವಾ?”

“ಅಲ್ಲ ಬಾಯಮ್ಮ. ನಾನು ನನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಹೋದ್ರೂ ಬಿಡಲಿಲ್ಲ.”

ಅವರು ಶಿಲುಬೆಯ ಗುರುತು ಹಾಕಿಕೊಂಡು ಗಂಡನ ಪಕ್ಕದಲ್ಲಿ ಕುಸಿದು ಕೂತರು. “ದೇವರು ದೊಡ್ಡವ. ಪುನಃ ಯಾರದ್ದೋ ತಪ್ಪಿಗೆ ಹೋಗ್ತಾರೋ ಅಂತ ಜೀವ ಹೋಯಿತು ನನಗೆ. ಮದರಾಸಿನ ಕೆಲಸ ಹೋದದ್ದು ಹೇಗೆ ಗೊತ್ತುಂಟಾ ನಿಮಗೆ? ಜೊತೆಯವ ಒಬ್ಬ ಬೋಲ್ಟ್ ಬಿಗಿ ಮಾಡದೆ ಬಿಟ್ಟಿದ್ದ. ಅವನಿಗೆ ಸಣ್ಣ ಮಕ್ಕಳು, ನಾನೇ ಮಾಡಿದ್ದು ಅಂತ ಬರೆದುಕೊಟ್ಟು ಬಂದ್ರು ಇವರು. ಆಮೇಲೆ ಈ ಮರಳಿಗೆ ಬಂದದ್ದು, ಆಮೇಲೆ ನಾನು ಬಂದದ್ದು. ಅವತ್ತು ಎಷ್ಟು ಬೈದಿದ್ದೆ! ಇನ್ನೊಂದು ಸಲ ಹಾಗೆ ಮಾಡಿದ್ರೆ ಮನೆಗೆ ಬರ್ಬೇಡಿ ಅಂದಿದ್ದೆ.”

“ಅದಕ್ಕೇ ಹೇಳ್ಲಿಕ್ಕೆ ಹೆದರಿಕೆ ಆದದ್ದು” ಎಂದರು ಪೊರ್ಬುಗಳು ಷೂವಿಗೆ. “ನೀನು ನಂಬುವುದಿಲ್ಲ ಅಂತ.”

ಬಾಯಮ್ಮ ಅವರಿಗೆ ಕೊಂಕಣಿಯಲ್ಲಿ ಸರಿಯಾಗಿ ಬೈದರು. ಅರ್ಥವಾಗದಿದ್ದರೂ ಬೈಗುಳ ಎಂದು ಗೊತ್ತಾಯಿತು, ನಡುನಡುವೆ ಅವರು ಸೆರಗಿನಿಂದ ಕಣ್ಣು ಒತ್ತಿಕೊಂಡದ್ದೂ ಕಂಡಿತು. ಇನ್ನು ಎರಡು ವರ್ಷ ಬಾಯಮ್ಮ ಇಲ್ಲಿ, ಪೊರ್ಬುಗಳು ಊರಿನಲ್ಲಿ. ನನ್ನ ಗಂಡ ಗಡಿಯಾರ ನೋಡಿ, “ಆಂಟಿ, ನಿಮ್ಮನ್ನ ಎರಡು ಗಂಟೆಗೆ ಆಸ್ಪತ್ರೆಗೆ ಬಿಡ್ತೀವಿ, ಕಾರಿದೆ” ಎಂದರು.

ಬಾಯಮ್ಮ ಬ್ಯಾಗಿನಿಂದ ಫೋನ್ ತೆಗೆದು ವಾರ್ಡಿಗೆ ಹಚ್ಚಿದರು. ಇವತ್ತು ಡ್ಯೂಟಿಗೆ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆ ಕಡೆಯವರು ಮೈ ಹುಷಾರಿಲ್ಲವೇ ಎಂದು ಕೇಳಿರಬೇಕು. “ನೋ, ನೋ. ಐ ಆಮ್ ಫೈನ್” ಎಂದರು. ಮತ್ತೇನೋ ಕೇಳಿದರು ಆ ಕಡೆಯಿಂದ, ಗದರಿದ ಧ್ವನಿ ನನಗೂ ಕೇಳಿಸಿತು. ಬಾಯಮ್ಮ “ಮೈ ಹಸ್ಬೆಂಡ್ ಈಸ್ ಹಿಯರ್” ಎಂದು ಫೋನ್ ಇಟ್ಟರು. ಪೊರ್ಬುಗಳು ಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಆಕೆ ಒಂದು ದಿನ ಡ್ಯೂಟಿ ತಪ್ಪಿಸಿದವರಲ್ಲವಂತೆ.

“ಏಳಿ” ಎಂದು ಬಾಯಮ್ಮ ಗಂಡನ ತೋಳು ಹಿಡಿದು ಎಬ್ಬಿಸಿದರು. ನಮಗೆ ಹೋಗಿಬರುತ್ತೇವೆ ಎನ್ನುವುದನ್ನೂ ಮರೆತು, ಇಬ್ಬರೂ ಜನರ ನಡುವೆ ದಾರಿ ಮಾಡಿಕೊಂಡು, ಗೇಟು ದಾಟಿ, ಆ ಸುಡುಬಿಸಿಲಿನಲ್ಲಿ ಸಮುದ್ರದ ಕಡೆಗೆ ನಡೆದು ಹೋದರು.